ಲಾನ್ ಮೋವರ್‌ನ ಡ್ರೈವ್ ಬೆಲ್ಟ್: ಹಳೆಯದನ್ನು ಎಸೆಯೋ ಮೊದಲು ಒಮ್ಮೆ ನೋಡಿ

ಕೂತು ಓಡಿಸುವ ಲಾನ್ ಮೋವರ್‌ನಲ್ಲಿ ಸಾಮಾನ್ಯವಾಗಿ ಎರಡು ಬೆಲ್ಟ್ ಇರುತ್ತವೆ. ಒಂದು ಎಂಜಿನ್‌ನಿಂದ ಕೆಳಗಿನ ಬ್ಲೇಡುಗಳಿಗೆ ಹೋಗುತ್ತದೆ. ಇನ್ನೊಂದು ಎಂಜಿನ್‌ನಿಂದ ಹಿಂದಿನ ಟ್ರಾನ್ಸ್‌ಮಿಷನ್‌ಗೆ. ಗಾಡಿ ಮುಂದೆ ಹಿಂದೆ ಹೋಗೋದು ಈ ಎರಡನೆಯದರಿಂದ. ಹುಲ್ಲು ಚೆನ್ನಾಗಿ ಕತ್ತರಿಸುತ್ತಿದೆ, ಆದರೆ ಗಾಡಿ ಎಳೆಯುತ್ತಿಲ್ಲ ಅಂದ್ರೆ ಮೊದಲ ಅನುಮಾನ ಈ ಡ್ರೈವ್ ಬೆಲ್ಟ್ ಮೇಲೇ ಬರಬೇಕು.

ಪುಣೆಯ ಮುಳಶಿ ಕಡೆ ಒಂದು ಕ್ಯಾಂಪಸ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಪಂಪು, ಜನರೇಟರ್ ಜೊತೆಗೆ ಈ ಗಾಡಿಯೂ ನನ್ನ ಕೊರಳಿಗೇ ಬಿದ್ದಿದೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದ್ರೆ ಸೆಪ್ಟೆಂಬರ್ ಮುಗಿಯೋವರೆಗೂ ಹುಲ್ಲು ಕೇಳೋದೇ ಬೇಡ. ಜಾಗವೆಲ್ಲ ಏರು ತಗ್ಗು. ಮಳೆಗಾಲಕ್ಕೆ ಮುಂಚೆ ಹಾಕಿಸಿದ ಹೊಸ ಬೆಲ್ಟ್ ಶ್ರಾವಣ ಬರೋ ಹೊತ್ತಿಗೇ ಕೈಕೊಟ್ಟಿತು. ಗಾಡಿ ಓಡಿಸುವ ಹುಡುಗ ವಿಜಯಪುರದವನು. "ಸರ, ಗಾಡಿ ದಿಬ್ಬಾ ಏರವಲ್ದ್ರಿ, ರಬ್ಬರ್ ಸುಟ್ಟಂಗ ವಾಸನಿ ಬರಾಕತ್ತೈತಿ" ಅಂದ. ಅರ್ಧ ರೋಗ ಅವನೇ ಹೇಳಿದ ಹಾಗಾಯಿತು.

ಆದರೂ ಸೀದಾ ಬೆಲ್ಟ್ ಬಿಚ್ಚಬಾರದು. ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ) ಗಾಡಿಯಾದರೆ ಎಣ್ಣೆ ಬಿಸಿಯಾದಾಗ ಟ್ರಾನ್ಸ್‌ಮಿಷನ್ ಕೂಡ ಸೋಲುತ್ತದೆ. ಗಾಡಿ ತಳ್ಳೋಕೆ ಅಂತ ಎಳೆದ ಫ್ರೀವೀಲ್ ಲಿವರನ್ನು ವಾಪಸ್ ಹಾಕದೇ ಬಿಟ್ಟಿದ್ದರೂ ಹೀಗೇ ಆಗುತ್ತದೆ. ಟ್ರಾನ್ಸ್‌ಮಿಷನ್ ಪುಲ್ಲಿಯ ಮೇಲೆ ಒಂದು ಸಣ್ಣ ಫ್ಯಾನ್ ಇರುತ್ತದೆ, ಹಿಂದಿನ ಸಂದಿಯಿಂದ ಕಾಣುತ್ತದೆ. ಹುಡುಗ ಸೀಟಿನ ಮೇಲೆ ಕೂತು ಏರಿನಲ್ಲಿ ಸ್ಪೀಡ್ ಲಿವರ್ ಮುಂದೆ ತಳ್ಳಿದ. ನಾನು ಪಕ್ಕಕ್ಕೆ, ದೂರ ನಿಂತು ನೋಡಿದೆ. ಎಂಜಿನ್ ಜೋರಾಗಿ ಓಡುತ್ತಿದೆ, ಫ್ಯಾನ್ ಮಾತ್ರ ತೂಕಡಿಸುತ್ತಿದೆ. ಫ್ಯಾನ್ ಸರಿಯಾಗಿ ತಿರುಗುತ್ತಾ ಚಕ್ರ ನಿಂತಿದ್ದರೆ ಟ್ರಾನ್ಸ್‌ಮಿಷನ್ ಕಡೆ ಹೋಗಬೇಕಿತ್ತು. ಇಲ್ಲಿ ಜಾರುತ್ತಿದ್ದದ್ದು ಬೆಲ್ಟೇ.

ಬಿಚ್ಚೋ ಕ್ರಮ ಹೇಳಿಬಿಡ್ತೀನಿ. ಸಮತಟ್ಟಾದ ಜಾಗ, ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕೀ ತೆಗೆದು ಜೇಬಿಗೆ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕೆ, ಚಕ್ರಗಳಿಗೆ ಇಟ್ಟಿಗೆ. ನಮ್ಮ ಗಾಡಿಯಲ್ಲಿ ಬ್ರೇಕ್ ಪೆಡಲ್ ತುಳಿದು ಲಾಕ್ ಮಾಡಿದರೆ ಐಡ್ಲರ್ (ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ಪುಲ್ಲಿ) ಹಿಂದೆ ಸರಿದು ಡ್ರೈವ್ ಬೆಲ್ಟ್ ಸಡಿಲವಾಗುತ್ತದೆ. ಬ್ಲೇಡಿನ ಡೆಕ್ ಮೊದಲು ಹೊರಗೆ ಬರಬೇಕು. ಎಂಜಿನ್ ಪುಲ್ಲಿಯ ಕೆಳಗೆ ಬ್ಲೇಡುಗಳನ್ನು ಚಾಲೂ ಬಂದ್ ಮಾಡುವ ಎಲೆಕ್ಟ್ರಿಕ್ ಕ್ಲಚ್ ಇದೆ, ಅದರ ವೈರಿನ ಕನೆಕ್ಟರ್ ಕಳಚದಿದ್ದರೆ ಬೆಲ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಲ್ಟ್ ಎಲ್ಲೆಲ್ಲಿ ಸುತ್ತಿ ಹೋಗಿದೆ ಅಂತ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ಮೀಟಿದರೆ ಹೊರಗೆ ಏನೂ ಕಾಣಿಸಲ್ಲ, ಒಳಗಿನ ಎಳೆ ತುಂಡಾಗಿರುತ್ತದೆ. ಆಮೇಲೆ ಬೆಲ್ಟ್ ಪುಲ್ಲಿಯಲ್ಲೇ ಮಗುಚಿಕೊಳ್ಳುತ್ತದೆ.

ಬೆಲ್ಟ್ ಕೈಗೆ ಬಂದಮೇಲೆ ಅಸಲಿ ಕೆಲಸ ಶುರು. ನೆರಳಿನಲ್ಲಿ ಕೂತು ಇಡೀ ಸುತ್ತು ಬೆರಳಾಡಿಸಿ ನೋಡಿದೆ. ವಿ ಬೆಲ್ಟ್ ಹಿಡಿತ ಪಡೆಯೋದು ತನ್ನ ಎರಡು ಪಕ್ಕಗಳಿಂದ, ತಳದಿಂದ ಅಲ್ಲ. ಆ ಪಕ್ಕಗಳು ಗಾಜಿನ ಹಾಗೆ ಮಿರುಗುತ್ತಿದ್ದರೆ ಜಾರಿ ಜಾರಿ ಬಿಸಿಯಾಗಿದೆ ಅಂತ ಅರ್ಥ. ಒಂದೇ ಕಡೆ ಸುಟ್ಟ ಹಳ್ಳ ಇದ್ದರೆ, ಬೆಲ್ಟ್ ನಿಂತಿದ್ದಾಗ ಎಂಜಿನ್ ಪುಲ್ಲಿ ಅದೇ ಜಾಗದಲ್ಲಿ ಉಜ್ಜುತ್ತಾ ತಿರುಗಿದೆ. ಒಳಮೈಯಲ್ಲಿ ಅಡ್ಡಡ್ಡ ಬಿರುಕು ಬಂದರೆ ವಯಸ್ಸು, ಬಿಸಿ. ಬೆಲ್ಟ್ ಸಣ್ಣಗಾಗಿ ಪುಲ್ಲಿಯ ವಿ ಸೀಳಿನ ತಳಕ್ಕೆ ಇಳಿದು ಕೂತಿದ್ದರೆ ಬರೀ ಸವೆತ. ಹೊಸ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿನ ಹತ್ತಿರ ಇರುತ್ತದೆ, ಸೀಳಿನ ತಳ ಮುಟ್ಟಲ್ಲ.

ನಮ್ಮ ಬೆಲ್ಟಿನ ಕಥೆ ಬೇರೆ. ಬಿರುಕು ಇಲ್ಲ, ವಯಸ್ಸೂ ಆಗಿಲ್ಲ. ಎರಡೂ ಪಕ್ಕ ಮಿರುಗುತ್ತಿತ್ತು, ಆದರೆ ಒಂದು ಅಂಚು ಮಾತ್ರ ಕಿತ್ತು ನೂಲು ನೂಲು ಹೊರಗೆ ಬಂದಿತ್ತು. ಒಂದೇ ಅಂಚು ತಿನ್ನುತ್ತಿದೆ ಅಂದ್ರೆ ಯಾವುದೋ ಪುಲ್ಲಿ ಓರೆಯಾಗಿದೆ, ಇಲ್ಲವೇ ಬೆಲ್ಟ್ ಎಲ್ಲೋ ಕಬ್ಬಿಣಕ್ಕೆ ಉಜ್ಜುತ್ತಿದೆ. ಇಷ್ಟು ನೋಡದೆ ಇನ್ನೊಂದು ಬೆಲ್ಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬೆಲ್ಟ್ ಅಂಗಡಿಯವರಿಗೆ ಲಾಭ, ಅಷ್ಟೇ.

ಎಂಜಿನ್ ಪುಲ್ಲಿ, ಟ್ರಾನ್ಸ್‌ಮಿಷನ್ ಪುಲ್ಲಿಗಳ ನಡುವೆ ಎರಡು ಐಡ್ಲರ್. ಒಂದು ವಿ ಆಕಾರದ್ದು, ಒಂದು ಚಪ್ಪಟೆ. ಚಪ್ಪಟೆಯದು ಬೆಲ್ಟಿನ ಬೆನ್ನನ್ನು ಒತ್ತುತ್ತದೆ, ಸ್ಪ್ರಿಂಗ್ ಹಾಕಿದ ತೋಳಿನ ಮೇಲೆ ಕೂತಿರುತ್ತದೆ. ಎರಡನ್ನೂ ಕೈಯಲ್ಲಿ ತಿರುಗಿಸಿದೆ. ವಿ ಐಡ್ಲರ್ ಸದ್ದಿಲ್ಲದೆ ತಿರುಗಿತು. ಚಪ್ಪಟೆಯದು ಗರಗರ ಅಂದು ಅರ್ಧ ಸುತ್ತಿಗೇ ನಿಂತಿತು. ಅಂಚು ಹಿಡಿದು ಅಲ್ಲಾಡಿಸಿದರೆ ಸಡಿಲವೂ ಇತ್ತು. ಆಮೇಲೆ ತೋಳನ್ನೇ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಬೋಲ್ಟ್ ಹತ್ತಿರ ಟಕಟಕ. ತೋಳು ತಿರುಗುವ ಬುಷ್ (ಬೋಲ್ಟಿನ ಸುತ್ತ ಕೂರುವ ಸಣ್ಣ ಕೊಳವೆ) ಸವೆದು ತೂತು ಮೊಟ್ಟೆಯಾಕಾರ ಆಗಿತ್ತು. ಸ್ಪ್ರಿಂಗ್ ಎಳೆದಾಗ ತೋಳು ವಾಲುತ್ತದೆ, ಪುಲ್ಲಿ ಓರೆಯಾಗುತ್ತದೆ, ಬೆಲ್ಟ್ ಪಕ್ಕಕ್ಕೆ ಸರಿದು ಬೆಲ್ಟ್ ಕೀಪರ್ ಕಡ್ಡಿಗೆ (ಬೆಲ್ಟ್ ಪುಲ್ಲಿಯಿಂದ ಹಾರದ ಹಾಗೆ ತಡೆಯುವ ಕಡ್ಡಿ) ಉಜ್ಜುತ್ತದೆ. ಆ ಕಡ್ಡಿಯ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸಾಕ್ಷಿ ಸಿಕ್ಕಿತು.

ಚಪ್ಪಟೆ ಐಡ್ಲರಿನ ಬೇರಿಂಗ್ ಕೆಟ್ಟದ್ದು ಯಾಕೆ ಅಂತ ಹುಡುಕೋಕೆ ದೂರ ಹೋಗಬೇಕಾಗಲಿಲ್ಲ. ಕೆಲಸ ಮುಗಿದಮೇಲೆ ಮಾಲಿಗಳು ಗಾಡಿಗೆ ಪ್ರೆಶರ್ ಜೆಟ್ ಹೊಡೆದು ತೊಳೆಯುತ್ತಿದ್ದರು. ನೀರು ಸೀಲ್ ದಾಟಿ ಒಳಗೆ ಹೋದರೆ ಗ್ರೀಸ್ ಹೊರಗೆ ಬರುತ್ತದೆ. ಈಗ ಜೆಟ್ ಬಂದ್. ಒಣಗಿದ ಮೇಲೆ ಬ್ರಷ್, ಬ್ಲೋವರ್, ಅಷ್ಟೇ.

ಐಡ್ಲರ್‌ಗಳಲ್ಲಿ ಸಾಮಾನ್ಯವಾಗಿ ಬರೋದು 6203 ಬೇರಿಂಗ್, ಒಳಗೆ 17 ಮಿ.ಮೀ., ಹೊರಗೆ 40 ಮಿ.ಮೀ. ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ನಮ್ಮ ಪುಲ್ಲಿ ತಗಡು ಒತ್ತಿ ಮಾಡಿದ್ದು, ಬೇರಿಂಗ್ ಹೊರಗೆ ಬರುವಂಥದ್ದಲ್ಲ. ಇಡೀ ಪುಲ್ಲಿಯನ್ನೇ ತರಿಸಿದೆ. ಬುಷ್ ಮಾತ್ರ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಮಾಡಿಸಿದೆ. ತೋಳಿನ ತೂತು ಬೋರ್ ಮಾಡಿ ಗುಂಡಗೆ ತಂದು, ಗನ್‌ಮೆಟಲ್ (ಒಂದು ಥರದ ಕಂಚು) ಬುಷ್ ಒತ್ತಿ ಕೂರಿಸಿಕೊಟ್ಟರು. ಹೊಸ ಬೋಲ್ಟ್ ಹಾಕಿದೆ, ಹಳೇ ಬೋಲ್ಟೂ ಸವೆದು ಮೆಟ್ಟಿಲು ಬಿದ್ದಿತ್ತು. ಸ್ಪ್ರಿಂಗ್ ಸುರುಳಿಗಳು ಬಾಯಿ ಬಿಟ್ಟಿದ್ದವು, ಅದನ್ನೂ ಬದಲಿಸಿದೆ. ಪುಲ್ಲಿಗಳ ಸೀಳಿನಲ್ಲಿ ಅಂಟಿದ್ದ ರಬ್ಬರ್, ತುಕ್ಕು ಎಲ್ಲ ಎಮರಿ ಪೇಪರ್‌ನಿಂದ ತೆಗೆದೆ. ತುಕ್ಕು ಹಿಡಿದ ಪುಲ್ಲಿ ಹೊಸ ಬೆಲ್ಟನ್ನು ಬೇಗ ತಿಂದುಹಾಕುತ್ತದೆ.

ಇನ್ನು ಬೆಲ್ಟ್. ಪುಣೆಯ ನಾನಾ ಪೇಟೆಯಲ್ಲಿ ಇದೇ ಉದ್ದದ ಎ ಸೆಕ್ಷನ್ ಬೆಲ್ಟ್ (ಕಾರ್ಖಾನೆ ಮೋಟರುಗಳ ಒಂದು ಅಳತೆ) ಅಗ್ಗವಾಗಿ ಸಿಗುತ್ತದೆ. ಅಗಲ 13 ಮಿ.ಮೀ., ಮೋವರಿನ ಅರ್ಧ ಇಂಚಿನ ಬೆಲ್ಟಿಗೆ ಹೆಚ್ಚುಕಡಿಮೆ ಸರಿ. ಅಂಗಡಿಯವರು "ಎಲ್ಲಾ ಒಂದೇ" ಅಂತಾರೆ. ಅಲ್ಲ. ಕಾರ್ಖಾನೆ ಮೋಟರಿನ ಬೆಲ್ಟ್ ಒಂದೇ ಸಮ ಓಡೋಕೆ ಮಾಡಿದ್ದು. ಮೋವರಿನದು ಸಡಿಲ, ಬಿಗಿ, ಸಡಿಲ ಅಂತ ದಿನವಿಡೀ ಕ್ಲಚ್ ಕೆಲಸವನ್ನೂ ಮಾಡಬೇಕು, ಜೊತೆಗೆ ಬೆನ್ನ ಕಡೆಗೂ ಬಗ್ಗಬೇಕು. ಅದಕ್ಕೇ ಒಳಗೆ ಹೆಚ್ಚಾಗಿ ಅರಾಮಿಡ್ ಅನ್ನೋ ಬಹಳ ಗಟ್ಟಿ ಎಳೆ, ಹೊರಗೆ ಬೇರೆ ಥರದ ಬಟ್ಟೆ. ಕಂಪನಿಯ ಪಾರ್ಟ್ ನಂಬರ್ ನೋಡಿಯೇ ತರಿಸಿ. ಹಳೇ ಬೆಲ್ಟಿನ ಅಳತೆ ಹಿಡಿದು ಹೋಗಬೇಡಿ, ಅದು ಸವೆದು ಹಿಗ್ಗಿರುತ್ತದೆ. ಜಾರದ ಹಾಗೆ ಹೊಡೆಯುವ ಸ್ಪ್ರೇ ಅಂತೂ ಬೇಡವೇ ಬೇಡ, ಅದರ ಅಂಟಿಗೆ ಧೂಳು ಮೆತ್ತಿಕೊಳ್ಳುತ್ತದೆ.

ಹಾಕುವಾಗ ಬೆಲ್ಟ್ ಎಲ್ಲ ಕೀಪರ್ ಕಡ್ಡಿಗಳ ಒಳಗಿನಿಂದಲೇ ಹೋಗಬೇಕು. ಕಡ್ಡಿಗೂ ಬೆಲ್ಟಿಗೂ ನಡುವೆ 2-3 ಮಿ.ಮೀ. ಸಂದಿ ಇರಲಿ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಐಡ್ಲರ್ ನೇರ ಇದೆಯಾ ನೋಡಿದೆ. ಈ ಸಲ ವಾಲಲಿಲ್ಲ.

ಹುಡುಗನಿಗೂ ಒಂದು ಮಾತು ಹೇಳಿದೆ. ತಿರುವಿನಲ್ಲಿ ಬ್ರೇಕ್ ಪೆಡಲನ್ನು ಅರ್ಧ ತುಳಿದು ಓಡಿಸಬೇಡ, ಬೆಲ್ಟ್ ಅರೆಬರೆ ಸಡಿಲಾಗಿ ಸುಡುತ್ತದೆ, ನಿಧಾನ ಬೇಕಿದ್ದರೆ ಸ್ಪೀಡ್ ಲಿವರಿನಲ್ಲೇ ಇಳಿಸು ಅಂತ. "ಆಯ್ತ್ರಿ ಸರ" ಅಂದ, ಈಗ ಹಾಗೇ ಓಡಿಸುತ್ತಿದ್ದಾನೆ. ಒಂದು ಬೆಲ್ಟ್ ಹೆಚ್ಚಿಗೆ ತರಿಸಿ ಸ್ಟೋರ್‌ನಲ್ಲಿಟ್ಟಿದ್ದೇನೆ. ಮೊಳೆಗೆ ನೇತುಹಾಕಿಲ್ಲ, ಹಾಕಿದರೆ ಅದೇ ಜಾಗದಲ್ಲಿ ಮಡಿಕೆ ಬೀಳುತ್ತದೆ. ಬಿಸಿಲು ಬೀಳದ ಶೆಲ್ಫಿನ ಮೇಲೆ, ಪೆಟ್ರೋಲ್ ಕ್ಯಾನಿನಿಂದ ದೂರ, ಅದರ ರಟ್ಟಿನ ಕವರಿನಲ್ಲೇ ಇದೆ.