ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದಾಗ ಬಂದ್: ನನ್ನ ಅನುಭವ

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ದಿನವಿಡೀ ಓಡಿಸಿದರೂ ತಕರಾರಿಲ್ಲ. ಆದರೆ ಬಿಸಿ ಎಂಜಿನ್ ಆಫ್ ಮಾಡಿ 15-20 ನಿಮಿಷ ಬಿಟ್ಟರೆ ನನ್ನ ಹಳೆಯ ಕಾರಿನ ವರಸೆಯೇ ಬದಲು. ಉದ್ದಕ್ಕೆ ಸೆಲ್ಫ್ ಹೊಡೆಯಬೇಕು; ಹೊತ್ತಿಕೊಂಡ ಎಂಜಿನ್ ನಾಲ್ಕೈದು ಸೆಕೆಂಡು ಕುಲುಕಾಡಿ ಬಂದ್. ಆಫ್ ಮಾಡಿದ ತಕ್ಷಣ ಸ್ಟಾರ್ಟ್ ಮಾಡಿದರೆ ಸರಿ, ಪೂರ್ತಿ ತಣ್ಣಗಾದರೂ ಸರಿ.

ಇಂಧನ ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿದೆಯೇನೋ ಎಂದುಕೊಂಡೆ. ಕೀಲಿಯನ್ನು ಮೂರು ಸಲ ಆನ್-ಆಫ್ ಮಾಡಿ, ಪಂಪ್ ಒತ್ತಡ ತುಂಬಿಸಿದ ಮೇಲೆ ಸೆಲ್ಫ್ ಹೊಡೆದೆ. ಪ್ರಯೋಜನವಾಗಲಿಲ್ಲ. ಇನ್ನೊಮ್ಮೆ ಆಕ್ಸಿಲರೇಟರನ್ನು ತಳಮುಟ್ಟ ತುಳಿದು ಹೊಡೆದೆ. ಹಾಗೆ ತುಳಿದಾಗ ಬಹುತೇಕ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಧನವನ್ನು ನಿಲ್ಲಿಸುತ್ತದೆ ಇಲ್ಲವೇ ತೀರಾ ಕಡಿಮೆ ಮಾಡುತ್ತದೆ. ಕಪ್ಪು ಹೊಗೆ ಕಾರಿ ಎಂಜಿನ್ ಹಿಡಿದುಕೊಂಡಿತು! ಪೆಟ್ರೋಲ್ ಸಾಲದೆ ಅಲ್ಲ, ಹೆಚ್ಚಾಗಿಯೇ ಅದು ಉಸಿರುಗಟ್ಟುತ್ತಿತ್ತು.

ಎಂಜಿನ್ನಿನ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ಮೇಲೆ ಅನುಮಾನ ಬಂತು. ಬಿಸಿ ಎಂಜಿನ್ನನ್ನು ಅದು ತಣ್ಣಗಿದೆ ಎಂದು ತೋರಿಸಿದರೆ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಹೊಸದನ್ನು ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದೆ: 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300. ಸೆನ್ಸರ್ ಸರಿಯಾಗಿಯೇ ಇತ್ತು.

ಕೊನೆಗೆ ಫ್ಯುಯೆಲ್ ರೈಲಿಗೆ (ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಅದನ್ನು ಹಂಚುವ ಕೊಳವೆ) ಒತ್ತಡದ ಗೇಜ್ ಜೋಡಿಸಿದೆ. ಐಡ್ಲಿಂಗ್‌ನಲ್ಲಿ 2.5 ಬಾರ್, ಆ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನಿಂದ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಹೋಗುವ ವ್ಯಾಕ್ಯೂಮ್ ಪೈಪ್ ಕಿತ್ತರೆ 3 ಬಾರ್. ಇರಬೇಕಾದದ್ದೇ ಅಷ್ಟು. ಇಲ್ಲಿಗೇ ಗೇಜ್ ಬಿಚ್ಚಿದ್ದರೆ ನಾನು ಮೋಸಹೋಗುತ್ತಿದ್ದೆ. ಎಂಜಿನ್ ಆಫ್ ಮಾಡಿ ನೋಡುತ್ತಾ ಕುಳಿತೆ; ಹತ್ತು ನಿಮಿಷದೊಳಗೆ ಮುಳ್ಳು ಸೊನ್ನೆಯ ಹತ್ತಿರ. ಮತ್ತೆ ಒತ್ತಡ ತುಂಬಿಸಿ, ಟ್ಯಾಂಕಿಗೆ ಮರಳುವ ರಬ್ಬರ್ ಪೈಪನ್ನು ಕ್ಲ್ಯಾಂಪಿನಿಂದ ಮೆಲ್ಲಗೆ ಬಿಗಿದೆ. ಒತ್ತಡ ಇಳಿಯಿತು. ಪಂಪಿನಿಂದ ಬರುವ ಪೈಪನ್ನೂ ಬಿಗಿದೆ. ಆಗಲೂ ಇಳಿಯಿತು. ಎರಡೂ ದಾರಿ ಮುಚ್ಚಿದ ಮೇಲೆ ಉಳಿಯುವುದು ಸೋರುವ ಇಂಜೆಕ್ಟರ್, ಇಲ್ಲವೇ ರೆಗ್ಯುಲೇಟರಿನೊಳಗಿನ ಹರಿದ ಡಯಾಫ್ರಮ್ (ತೆಳು ಪೊರೆ).

ವ್ಯಾಕ್ಯೂಮ್ ಪೈಪನ್ನು ಮತ್ತೆ ಎಳೆದು ಬಾಯಿಯನ್ನು ಕೆಳಗೆ ಬಾಗಿಸಿದೆ. ಒಂದು ಹನಿ ಉಗುರಿನ ಮೇಲೆ ಬಿದ್ದು, ತಣ್ಣನೆ ಹರಡಿ, ನೋಡುತ್ತಿದ್ದಂತೆ ಆರಿತು. ಅಪ್ಪಟ ಪೆಟ್ರೋಲ್. ಗಾಳಿ ಮಾತ್ರ ಇರಬೇಕಾದ ಪೈಪ್ ಅದು! ಬಿಸಿ ಎಂಜಿನ್ ಮೇಲಿನ ಕೆಲಸವಾದ್ದರಿಂದ ಕೆಳಗೆ ದಪ್ಪ ಬಟ್ಟೆ ಹಾಸಿದ್ದೆ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲೇ ಇತ್ತು. ಅವೆರಡೂ ಇಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು.

ಆಗ ಎಲ್ಲವೂ ತಾಳೆಯಾಯಿತು. ಆಫ್ ಮಾಡಿದ ಮೇಲೆ ರೈಲಿನಲ್ಲಿ ಉಳಿದ ಒತ್ತಡವೇ ಪೆಟ್ರೋಲನ್ನು ಡಯಾಫ್ರಮ್ಮಿನ ಸೀಳಿನಿಂದ ಮ್ಯಾನಿಫೋಲ್ಡಿಗೆ ತಳ್ಳುತ್ತಿತ್ತು. ತಕ್ಷಣ ಸ್ಟಾರ್ಟ್ ಮಾಡಿದರೆ ಅಷ್ಟು ಸೋರಿರುವುದಿಲ್ಲ. ಗಂಟೆಗಳು ಕಳೆದರೆ ಸೋರಿದ್ದು ಬಹುಪಾಲು ಆರಿರುತ್ತದೆ, ಮೇಲಾಗಿ ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲೇ ಬೇಕು.

ಹೊಸ ರೆಗ್ಯುಲೇಟರನ್ನು ಹೊಸ ಓ-ರಿಂಗ್ ಸಮೇತ ಕೂರಿಸಿದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೂಸಿದಾಗ ಪೆಟ್ರೋಲ್ ವಾಸನೆ ಬಂದದ್ದರಿಂದ ಎಂಜಿನ್ ಆಯಿಲನ್ನೂ ಬದಲಾಯಿಸಿದೆ. ಮರುದಿನ ಚೆನ್ನಾಗಿ ಓಡಿಸಿ ಬಂದು 20 ನಿಮಿಷ ನಿಲ್ಲಿಸಿದೆ. ಗೇಜಿನ ಮುಳ್ಳು 2 ಬಾರ್‌ಗಿಂತ ಕೆಳಗೆ ಇಳಿದಿರಲಿಲ್ಲ. ಕೀಲಿ ತಿರುಗಿಸಿದೆ, ಬೆಳಗಿನ ಹಾಗೆಯೇ, ಒಂದೇ ಸೆಲ್ಫ್‌ಗೆ ಸ್ಟಾರ್ಟ್.