ಕೊರಿಯನ್ ಬಾಕ್ಸ್ ಬಿಟ್ಟು ಖಾಲಿ ಬಾಟಲಿ ಎಣಿಸಿದ ನನ್ನ ಅನುಭವ

ತಿಂಗಳ ಚಂದಾಕ್ಕೆ ಮನೆಗೆ ಬರುವ ಕೊರಿಯನ್ ಬ್ಯೂಟಿ ಬಾಕ್ಸ್ ಇಲ್ಲದೆ ಮುಖದ ಆರೈಕೆ ನನ್ನದೇ ಲೆಕ್ಕದಲ್ಲಿ ನಡೆಸುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ. "ಮೂರು ತಿಂಗಳು ನೋಡೋಣ, ವಾಪಸ್ ಹೋಗ್ತೀಯ" ಅಂದರು. ಹೋಗಿಲ್ಲ. ಈಗ ತಿಂಗಳಿಗೆ ಸಾವಿರದ ಇನ್ನೂರರ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ, ಮುಖ ಬಾಕ್ಸ್ ಕಾಲಕ್ಕಿಂತ ಚೆನ್ನಾಗಿದೆ, ಹಾಗೆ ಅಂದವರಲ್ಲಿ ಇಬ್ಬರು ಈಗ ಒಂದೇ ಬಾಟಲಿ ಹಂಚಿಕೊಳ್ಳುವ ನನ್ನ ಪಾಲುದಾರರು. ಹೇಗೆ ಮಾಡಿದೆ ಅಂತ ಪದೇ ಪದೇ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಟೋನರ್ ಯಾವುದು, ಎಸೆನ್ಸ್ ಯಾವುದು ಅಂತ ಇಲ್ಲಿ ಹೇಳಲ್ಲ. ಎರಡೂ ಮುಖ ತೊಳೆದ ಮೇಲೆ ಹಚ್ಚುವ ದ್ರವಗಳು, ಅಷ್ಟು ಗೊತ್ತಿದ್ದರೆ ಸಾಕು.

ಮೊದಮೊದಲು ಆ ಬಾಕ್ಸ್ ಮೇಲೆ ನಿಜಕ್ಕೂ ಪ್ರೀತಿ ಇತ್ತು. 2018ರಲ್ಲಿ ಬೆಂಗಳೂರಲ್ಲಿ ಕೂತು ಕೊರಿಯಾದ ಸಾಮಾನು ಬೇಕೆಂದರೆ ಇನಿಸ್‌ಫ್ರೀ, ಫೇಸ್ ಶಾಪ್ ಬಿಟ್ಟು ಸುಲಭವಾಗಿ ಸಿಗುತ್ತಿದ್ದದ್ದು ಕಡಿಮೆ. ಬಾಕ್ಸ್‌ನಲ್ಲಿ ಆರೇಳು ಐಟಂ ಇರುತ್ತಿತ್ತು, ಬೆಲೆ ಹದಿನೇಳು ಹದಿನೆಂಟು ನೂರು. ಜೊತೆಗೆ ಒಂದು ಕಾರ್ಡು, ಅದರಲ್ಲಿ ಒಂದೊಂದರ ಬೆಲೆ, ಕೊನೆಗೆ "ಒಟ್ಟು ಮೌಲ್ಯ" ಅಂತ ಆರು ಸಾವಿರದ ಹತ್ತಿರದ ಒಂದು ಅಂಕಿ. ಆ ಅಂಕಿ ನೋಡಿ ನಾಲ್ಕು ಸಾವಿರ ಉಳಿಸಿದ ಖುಷಿ.

ಆ ಮೌಲ್ಯದ ಲೆಕ್ಕವೇ ಗಾಳಿ. ಕೊರಿಯಾದಲ್ಲಿ ಆಲಿವ್ ಯಂಗ್ ಎಂಬ ಸೌಂದರ್ಯ ಸಾಮಾನಿನ ಅಂಗಡಿಗೆ ಹೋದವರನ್ನು ಕೇಳಿ, ಒಂದು ಕೊಂಡರೆ ಒಂದು ಉಚಿತ ಅನ್ನುವ ಆಫರ್ ಯಾವುದಾದರೊಂದು ಶೆಲ್ಫಿನಲ್ಲಿ ಇದ್ದೇ ಇರುತ್ತದೆ. ಯಾವಾಗಲೂ ಪೂರ್ತಿ ಬೆಲೆ ಕೊಡಬೇಕಾಗಿಲ್ಲ. ಬಾಕ್ಸ್‌ನವರು 150 ಎಂಎಲ್ ಟೋನರಿನ ಪೂರ್ತಿ ಬೆಲೆ ಹಿಡಿದು, ಅದರಲ್ಲಿ 20 ಎಂಎಲ್‌ಗೆ ಎಷ್ಟು ಅಂತ ಭಾಗಿಸಿ, ಅದನ್ನು ದುಂಡಗೆ ಮೇಲಕ್ಕೆ ಏರಿಸಿ ಕಾರ್ಡಿನಲ್ಲಿ ಬರೆಯುತ್ತಿದ್ದರು. ಒಂದು ಸಲವಂತೂ ಬಂದ ಪುಟ್ಟ ಟ್ಯೂಬಿನ ಮೇಲೆ ಕೊರಿಯನ್‌ನಲ್ಲಿ "ಪಿಮೇಪುಮ್" ಅಂತ ಅಚ್ಚಾಗಿತ್ತು, ಅಂದರೆ ಮಾರಾಟಕ್ಕಲ್ಲ. ಕೊರಿಯಾದಲ್ಲಿ ಇಂಥ ಸ್ಯಾಂಪಲ್ ಮಾರುವುದು ಕಾನೂನಿಗೆ ವಿರುದ್ಧ. ನನ್ನ ಕಾರ್ಡಿನಲ್ಲಿ ಅದಕ್ಕೆ ನಾನ್ನೂರು ರೂಪಾಯಿ ಬೆಲೆ ಇತ್ತು.

ಹಣದ ಕಥೆ ಅಲ್ಲಿಗೆ ಮುಗಿಯಲ್ಲ. ಮೊದಲು ಪಾರ್ಸೆಲ್ ಮೇಲೆ ಗಿಫ್ಟ್ ಅಂತ ಬರೆದು ಕಳಿಸುತ್ತಿದ್ದರು, ಐದು ಸಾವಿರದ ಒಳಗಿನ ಗಿಫ್ಟಿಗೆ ಸುಂಕ ಇರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು ಉಳಿದ ಗಿಫ್ಟಿಗೆಲ್ಲ ಸುಂಕ. ಆಮೇಲೆ ಪೋಸ್ಟ್‌ಮ್ಯಾನ್ ಬಂದಾಗೆಲ್ಲ ಕೈಯಲ್ಲಿ ಒಂದು ಚೀಟಿ. ಒಮ್ಮೆ ಆರುನೂರು, ಒಮ್ಮೆ ಒಂಬೈನೂರು, ತಲೆಬುಡ ಗೊತ್ತಾಗುತ್ತಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಒಂದು ಬಾಕ್ಸ್ ಎಲ್ಲೋ ಗೋದಾಮಿನಲ್ಲಿ ಕೂತು ತಿಂಗಳುಗಟ್ಟಲೆ ತಡವಾಗಿ ಬಂತು. ಅದರಲ್ಲಿದ್ದ ವಿಟಮಿನ್ ಸಿ ಆಂಪೂಲ್, ಅಂದರೆ ಗಾಢ ಸೀರಮ್, ಕೆಟ್ಟು ಕಂದು ಬಣ್ಣಕ್ಕೆ ತಿರುಗಿ ಹೋಗಿತ್ತು. ದೂರು ಕೊಟ್ಟರೆ ಮುಂದಿನ ಬಾಕ್ಸಿಗೆ ಹತ್ತು ಪರ್ಸೆಂಟ್ ಕೂಪನ್ ಕಳಿಸಿದರು. ಸುಮ್ನೆ ಕೂತೆ.

ತಾರೀಖು ನೋಡಲು ಶುರು ಮಾಡಿದ್ದು ಆಗಲೇ. ಕೊರಿಯನ್ ಡಬ್ಬಿ ತಿರುಗಿಸಿದರೆ ತಳದಲ್ಲಿ ಇಂಕ್‌ಜೆಟ್‌ನಲ್ಲಿ ಹೊಡೆದ ಸಾಲು ಇರುತ್ತದೆ. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಪಕ್ಕದಲ್ಲಿ "ಜೇಜೋ" ಅಂತಿದ್ದರೆ ತಯಾರಾದ ದಿನ, "ಕಾಜಿ" ಅಂತಿದ್ದರೆ ಅಲ್ಲಿಯವರೆಗೆ ಬಳಸಬಹುದು. ಕೆಲವದರಲ್ಲಿ ತಯಾರಾದ ದಿನ ಮಾತ್ರ, ಜೊತೆಗೆ ತೆರೆದ ಮುಚ್ಚಳದ ಚಿತ್ರದೊಳಗೆ 12ಎಂ ಅಂತ ಇರುತ್ತದೆ, ಅಂದರೆ ತೆರೆದ ಮೇಲೆ 12 ತಿಂಗಳು. ಈ ಎರಡು ಅಕ್ಷರಗುಚ್ಛದ ಆಕಾರ ಗುರುತಿಟ್ಟುಕೊಂಡು ಶೆಲ್ಫಿನಲ್ಲಿದ್ದದ್ದನ್ನೆಲ್ಲ ತಿರುಗಿಸಿ ನೋಡಿದೆ. ಅರ್ಧಕ್ಕೂ ಜಾಸ್ತಿ ಐಟಂಗಳು ನನ್ನ ಕೈಸೇರುವ ಹೊತ್ತಿಗೆ ಏಳೆಂಟು ತಿಂಗಳ ಆಯುಷ್ಯ ಮಾತ್ರ ಉಳಿಸಿಕೊಂಡು ಬಂದಿದ್ದವು. ಅಂಗಡಿಯಲ್ಲಿ ಉಳಿದದ್ದು ಬಾಕ್ಸ್ ಸೇರುತ್ತದೆ ಅಂತ ನನ್ನ ಅನುಮಾನ. ಸಾಬೀತು ಮಾಡಕ್ಕಾಗಲ್ಲ, ಡಬ್ಬಿ ಮೇಲಿನ ತಾರೀಖು ಮಾತ್ರ ತೋರಿಸಬಲ್ಲೆ.

ಇನ್ನು ಕುಶನ್ ಫೌಂಡೇಶನ್, ಅಂದರೆ ಡಬ್ಬಿಯೊಳಗಿನ ಸ್ಪಂಜಿನಲ್ಲಿ ನೆನೆಸಿಟ್ಟ ಮುಖದ ಬಣ್ಣ. ಮೂರು ಸಲ ಬಂತೋ ನಾಲ್ಕು ಸಲವೋ, ಪ್ರತಿ ಸಲ ನಂಬರ್ 21. ಕೊರಿಯಾದಲ್ಲಿ 13, 21, 23 ಅಂತ ಇರುತ್ತವೆ, ನಂಬರ್ ಕಡಿಮೆಯಾದಷ್ಟು ಬಿಳಿ, 23 ಕೂಡ ನಮ್ಮವರಿಗೆ ಬಿಳಿಯೇ. 21 ಹಚ್ಚಿಕೊಂಡು ಕನ್ನಡಿ ನೋಡಿದರೆ ಯಕ್ಷಗಾನದ ಚೌಕಿಯಲ್ಲಿ ಅರ್ಧ ಬಣ್ಣ ಹಾಕಿ ಬಿಟ್ಟುಹೋದ ಹಾಗೆ ಕಾಣುತ್ತಿತ್ತು. ಬಾಕ್ಸ್‌ನ ಪ್ರಶ್ನಾವಳಿಯಲ್ಲಿ ಚರ್ಮದ ಬಣ್ಣ ಕೇಳಿದ್ದರು, ನಾನೂ ಸರಿಯಾಗೇ ತುಂಬಿದ್ದೆ. ಯಾಕೆ ಕೇಳಿದರೋ! 2024ರಲ್ಲಿ ಅಮೆರಿಕದ ಒಬ್ಬ ಕಪ್ಪು ಯುವತಿಯ ವಿಡಿಯೋ ಓಡಿದ ಮೇಲೆ ಕುಶನ್ ಮಾಡುವ ಕೊರಿಯನ್ ಕಂಪನಿ ಟಿರ್‌ಟಿರ್‌ನವರು ಗಾಢ ಬಣ್ಣಗಳ ಸಾಲು ತೆರೆದರು. ನನ್ನ ಡ್ರಾಯರಿನಲ್ಲಿದ್ದ 21ಗಳಿಗೆ ಅದರಿಂದ ಏನೂ ಆಗಲಿಲ್ಲ, ಅವು ಸೋದರ ಸೊಸೆಯಂದಿರ ಡ್ಯಾನ್ಸ್ ಕ್ಲಾಸಿಗೆ ಹೋದವು.

ಬಾಕ್ಸ್ ನಿಂತದ್ದು ನಾನು ನಿಲ್ಲಿಸಿ ಅಲ್ಲ, ರಿಸರ್ವ್ ಬ್ಯಾಂಕಿನಿಂದ. 2021ರ ಅಕ್ಟೋಬರ್ 1ರಿಂದ ಕಾರ್ಡಿನ ಆಟೋ ಡೆಬಿಟ್ ನಿಯಮ ಬಿಗಿಯಾಯಿತಲ್ಲ, ಹೊರದೇಶದ ಚಂದಾಗಳು ಒಂದೊಂದಾಗಿ ಬಿದ್ದವು. ಅದಕ್ಕೂ ಮುಂಚೆ ಎರಡು ಸಲ ರದ್ದು ಮಾಡಲು ಹೋಗಿದ್ದೆ, ಆ ಬಟನ್ ಹುಡುಕುವುದರಲ್ಲೇ ಸಾಕಾಗಿತ್ತು. ಈಗ ದುಡ್ಡು ಹೋಗಲಿಲ್ಲ, ಬಾಕ್ಸ್ ಬರಲಿಲ್ಲ. "ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ" ಅಂತ ಮೇಲ್ ಬಂತು. ನನಗೆ ಹಾಗೇನೂ ಅನ್ನಿಸಲಿಲ್ಲ. ಒಟ್ಟು ಎಷ್ಟು ಹಾಕಿದ್ದೆ ಅಂತ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿದರೆ ಸುಂಕ ಸೇರಿ ಎಪ್ಪತ್ತೈದು ಎಂಬತ್ತು ಸಾವಿರ. ಗಂಡನಿಗೆ ಅರವತ್ತು ಅಂದೆ.

ಈಗ ವಿಧಾನಕ್ಕೆ ಬರುತ್ತೇನೆ. ವಾಶ್ ಬೇಸಿನ್ ಕೆಳಗೆ ಒಂದು ಶೂ ಡಬ್ಬ ಇಟ್ಟೆ. ಪೂರ್ತಿ ಮುಗಿದ ಬಾಟಲಿ, ಟ್ಯೂಬ್ ಮಾತ್ರ ಅದಕ್ಕೆ ಬೀಳಬೇಕು. ಹೊಸದು ತೆರೆದ ದಿನ ಮಾರ್ಕರಿನಲ್ಲಿ ತಳಕ್ಕೆ ತಾರೀಖು, ಮುಗಿದ ದಿನ ಇನ್ನೊಂದು ತಾರೀಖು. ಡಬ್ಬದಲ್ಲಿ ಖಾಲಿ ಬೀಳದೆ ಆ ಜಾತಿಯದನ್ನು ಮತ್ತೆ ಕೊಳ್ಳುವ ಹಾಗಿಲ್ಲ. ಇಷ್ಟೇ. ಇಷ್ಟು ಕೇಳಿ ನಕ್ಕವರು ಬಹಳ. ಅರ್ಧ ವರ್ಷ ಕಳೆದ ಮೇಲೆ ಡಬ್ಬ ನೆಲಕ್ಕೆ ಸುರಿದೆ. ಎಲ್ಲಕ್ಕಿಂತ ಜಾಸ್ತಿ ಸನ್‌ಸ್ಕ್ರೀನ್. ಆಮೇಲೆ ಫೇಸ್‌ವಾಶ್, ಮಾಯಿಶ್ಚರೈಸರ್, ಒಂದೇ ಒಂದು ಬಗೆಯ ಟೋನರ್. ಐ ಕ್ರೀಮ್ ಒಂದೂ ಇಲ್ಲ. ರಾತ್ರಿ ಹಚ್ಚಿ ಮಲಗುವ ಸ್ಲೀಪಿಂಗ್ ಪ್ಯಾಕ್ ಇಲ್ಲ. ಆ ಕಡೆ ಡ್ರಾಯರಿನಲ್ಲಿ ಸೀರಮ್‌ನಲ್ಲಿ ನೆನೆಸಿ ಮುಖಕ್ಕೆ ಹೊದಿಸುವ ಶೀಟ್ ಮಾಸ್ಕ್ ನಲವತ್ತರ ಹತ್ತಿರ ಹಾಗೇ ಕೂತಿದ್ದವು.

ಎರಡು ಬೆರಳ ಉದ್ದ ಹಿಂಡಿ ಮುಖಕ್ಕೂ ಕತ್ತಿಗೂ ಸರಿಯಾಗಿ ಹಚ್ಚಿದರೆ 50 ಎಂಎಲ್ ಸನ್‌ಸ್ಕ್ರೀನ್ ಹೆಚ್ಚೂಕಮ್ಮಿ ನಲವತ್ತು ದಿನ ಬರುತ್ತದೆ. ಮೂರು ವರ್ಷದ ಬಾಕ್ಸ್‌ಗಳಲ್ಲಿ ನನಗೆ ಬಂದ ಪೂರ್ತಿ ಸೈಜಿನ ಸನ್‌ಸ್ಕ್ರೀನ್ ಬೆರಳೆಣಿಕೆಯಷ್ಟು. ಅದರಲ್ಲೂ ಒಂದು, ಬಿಸಿಲು ತಡೆಯುವ ಶಕ್ತಿ, ಅಂದರೆ ಎಸ್‌ಪಿಎಫ್, 50 ಪ್ಲಸ್ ಅಂತ ಬರೆದುಕೊಂಡು 2020ರ ಡಿಸೆಂಬರ್‌ನಲ್ಲಿ ಯುರೋಪಿನ ಪರೀಕ್ಷೆಯಲ್ಲಿ 19ರ ಹತ್ತಿರ ಬಂದು ಗಲಾಟೆಯಾಯಿತಲ್ಲ, ಅದೇ. ಬಾಕ್ಸ್‌ನವರಿಗೆ ಬೇಕಾದದ್ದು ಹೊಸ ಹೆಸರು, ನನ್ನ ಮುಖಕ್ಕೆ ಬೇಕಾದದ್ದು ಮುಗಿಯುವ ಸಾಮಾನು. ಎರಡಕ್ಕೂ ಸಂಬಂಧವೇ ಇರಲಿಲ್ಲ. ಕೊರಿಯಾದಲ್ಲೇ 2018-19ರ ಹೊತ್ತಿಗೆ ಒಂದರ ಮೇಲೊಂದು ಹತ್ತು ಸಾಮಾನು ಹಚ್ಚುವ ಹತ್ತು ಹೆಜ್ಜೆ ಬಿಟ್ಟು, ಕೆಲವೇ ಸಾಮಾನು ಸಾಕು ಅನ್ನುವ ಸ್ಕಿಪ್ ಕೇರ್ ಅಂತ ಶುರು ಮಾಡಿದ್ದರು. ನಮಗೆ ಮಾತ್ರ ಇನ್ನೂ ಹತ್ತು ಹೆಜ್ಜೆಯ ಸಾಮಾನು ಬರುತ್ತಿತ್ತು.

ಆದರೂ ಹೊಸದನ್ನು ಹಚ್ಚಿ ನೋಡುವ ಆಸೆ ಹೋಗಲ್ಲ ಅಲ್ವಾ. ಅದಕ್ಕೇ ಪಾಲು. ನಾವು ಐದು ಜನ: ಬೆಂಗಳೂರಲ್ಲಿ ಮೂವರು, ಮಂಗಳೂರಲ್ಲಿ ಒಬ್ಬಳು, ಹುಬ್ಬಳ್ಳಿಯಲ್ಲಿ ಒಬ್ಬಳು. ಪೂರ್ತಿ ಸೈಜಿನ ಒಂದು ಬಾಟಲಿ ಕೊಂಡು, 20 ಎಂಎಲ್‌ನಂತೆ ಹಂಚಿಕೊಳ್ಳುತ್ತೇವೆ. ಕಾಸ್‌ಆರ್‌ಎಕ್ಸ್‌ನ ಬಸವನಹುಳುವಿನ ಲೋಳೆಯ ಎಸೆನ್ಸ್ 100 ಎಂಎಲ್‌ಗೆ ಸೇಲ್‌ನಲ್ಲಿ ಸಾವಿರದ ನೂರು ಅಂತಿಟ್ಟುಕೊಳ್ಳಿ, ತಲೆಗೆ ಇನ್ನೂರ ಇಪ್ಪತ್ತು. ಬಾಕ್ಸ್‌ನಲ್ಲಿ ಬರುತ್ತಿದ್ದಷ್ಟೇ ಗಾತ್ರ, ಆದರೆ ನಾವು ಆರಿಸಿದ್ದು, ತಾರೀಖು ನೋಡಿ ಕೊಂಡದ್ದು, ಹಿಂದೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆಯ ಸ್ಟಿಕ್ಕರ್ ಇದ್ದದ್ದು.

ಮೊದಲ ಹಂಚಿಕೆಗಳು ಹಾಳಾದವು. ಎಸೆನ್ಸನ್ನು ಸ್ಪ್ರೇ ಬಾಟಲಿಗೆ ತುಂಬಿದೆವು, ಆ ಲೋಳೆ ನೂಲಿನಂತೆ ಎಳೆದುಕೊಂಡು ನಾಜಲ್ ಕಟ್ಟಿತು. ವಿಟಮಿನ್ ಸಿ ಸೀರಮ್ ಪಾರದರ್ಶಕ ಡ್ರಾಪರಿಗೆ ಹಾಕಿದರೆ ಎರಡೇ ವಾರದಲ್ಲಿ ಬಣ್ಣ ತಿರುಗಿತು, ಐದೂ ಪಾಲು ಹೋಯಿತು, ಸಾವಿರದ ಐನೂರು ಗೋತಾ. ಹುಬ್ಬಳ್ಳಿಗೆ ಬಸ್ ಪಾರ್ಸೆಲ್‌ನಲ್ಲಿ ಏಪ್ರಿಲ್‌ನಲ್ಲಿ ಕಳಿಸಿದ ಟೋನರ್ ದಾರಿಯಲ್ಲೇ ಸೋರಿ, ಜೊತೆಗಿದ್ದ ಯಾರದೋ ಚೂಡಿದಾರ್ ಬಟ್ಟೆಯ ಗಂಟು ನೆನೆದು, ಆ ವಿಷಯದಲ್ಲಿ ಸಣ್ಣ ಜಗಳವೂ ಆಯಿತು. ಈಗ ಗಾಳಿ ಹೋಗದ ಏರ್‌ಲೆಸ್ ಪಂಪ್ ಬಾಟಲಿ ಮಾತ್ರ. ಸ್ಪಿರಿಟ್ ಹಾಕಿ ತೊಳೆದು, ಬೋರಲು ಹಾಕಿ, ಪೂರ್ತಿ ಒಣಗಿದ ಮೇಲೆ ತುಂಬುತ್ತೇನೆ. ಚಿಕ್ಕಪೇಟೆ ಕಡೆ ಒಂದು ಗಲ್ಲಿಯಲ್ಲಿ ಹೋಲ್‌ಸೇಲ್ ದರಕ್ಕೆ ಸಿಗುತ್ತವೆ. ಅಂಗಡಿ ಯಾವುದು ಅಂತ ಹೇಳಲ್ಲ, ಹೇಳಿದ ಒಂದು ಕಡೆ ಆಗಲೇ ರೇಟ್ ಏರಿತು. ವಿಟಮಿನ್ ಸಿ ಹಂಚಲು ಒಂದು ಉಪಾಯ ಸಿಕ್ಕಿದೆ, ಅದೂ ಸದ್ಯಕ್ಕೆ ನಮ್ಮ ಐದು ಜನದಲ್ಲೇ ಇರಲಿ. ಸನ್‌ಸ್ಕ್ರೀನ್ ಮಾತ್ರ ಯಾವತ್ತೂ ಪಾಲು ಮಾಡಲ್ಲ. ಬಾಟಲಿ ಬದಲಿಸಿದ ಮೇಲೆ ಅದು ಕೆಡದೆ ಇದೆಯೋ ಇಲ್ಲವೋ ಕಣ್ಣಿಗೆ ಕಾಣಲ್ಲ, ಬಿಸಿಲಿಗೆ ಹೋದ ಮೇಲೆ ಗೊತ್ತಾದರೆ ಏನು ಪ್ರಯೋಜನ. ಅವರವರ ಟ್ಯೂಬು ಅವರವರಿಗೆ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಜನವರಿಯ ಬೆಂಗಳೂರಲ್ಲಿ ನನಗೆ ಸಾಲದ ಕ್ರೀಮು ಮಂಗಳೂರಿನವಳಿಗೆ ಹಚ್ಚಿದ ಹತ್ತು ನಿಮಿಷಕ್ಕೆ ಬೆವರಲ್ಲಿ ಇಳಿಯುತ್ತದೆ. ಆಕೆಯ ಪಾಲಿನ ಕ್ರೀಮು ಹುಬ್ಬಳ್ಳಿಗೆ, ಹುಬ್ಬಳ್ಳಿಯವಳ ಜೆಲ್ ಮಂಗಳೂರಿಗೆ. ಯಾವ ಬಾಕ್ಸೂ ಇದನ್ನು ಮಾಡಿಕೊಡಲ್ಲ.

ನಡುವೆ ಸುಮ್ನೆ ಮಾಡಿ ನೋಡಿದವೂ ಇವೆ. ರೈಸ್ ಟೋನರ್ ಬದಲು ಸೋನಾ ಮಸೂರಿ ತೊಳೆದ ನೀರು ಫ್ರಿಜ್‌ನಲ್ಲಿಟ್ಟೆ. ಎರಡು ದಿನ ಪರವಾಗಿಲ್ಲ, ಮೂರನೇ ದಿನಕ್ಕೆ ಹುಳಿ ವಾಸನೆ, ಮುಖಕ್ಕೂ ಉರಿ. ತುಳಸಿ ಗಿಡಕ್ಕೆ ಹಾಕಿದೆ, ಅದು ಚೆನ್ನಾಗಿದೆ. ಹಳೇ ಶೀಟ್ ಮಾಸ್ಕ್‌ಗಳಲ್ಲಿ ತಾರೀಖು ಉಳಿದಿದ್ದವನ್ನು ಹಿಮ್ಮಡಿಗೆ ಸುತ್ತಿ ಮೇಲೆ ಸಾಕ್ಸ್ ಹಾಕಿ ಮಲಗಿದೆ, ಒಡೆದ ಹಿಮ್ಮಡಿಗೆ ಒಳ್ಳೆಯ ಫಲಿತಾಂಶ. ಅವಧಿ ಮುಗಿದ ಕ್ಲೆನ್ಸಿಂಗ್ ಆಯಿಲ್ ಗಾಜಿನ ಬಾಟಲಿಯ ಸ್ಟಿಕ್ಕರ್ ಗೋಂದು ತೆಗೆಯುವುದಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಗೆ ಬಸವನಹುಳು ವಿಷಯ ಗೊತ್ತಾದ ದಿನ ಮಾತ್ರ ಕಷ್ಟವಾಯಿತು. ಅದು ದೇವರ ಮನೆಯ ಕಡೆಗಿದ್ದ ಬೀರುವಿನಲ್ಲಿತ್ತು. "ಮಳೆಗಾಲದಲ್ಲಿ ಉಪ್ಪು ಹಾಕಿ ಓಡಿಸ್ತೀವಿ, ನೀನು ಸಾವಿರ ರೂಪಾಯಿ ಕೊಟ್ಟು ಮನೆಗೆ ತಂದಿದ್ದೀಯ" ಅಂದರು. ಈಗ ಅದು ಬಚ್ಚಲಿನ ಶೆಲ್ಫಿಗೆ ಹೋಗಿದೆ. ಅವರು ನನ್ನ ಸನ್‌ಸ್ಕ್ರೀನ್ ಮಾತ್ರ ಕೇಳದೆ ತೆಗೆದುಕೊಳ್ಳುತ್ತಾರೆ, ಅದಕ್ಕೆ ತಿಂಗಳ ಲೆಕ್ಕ ಸ್ವಲ್ಪ ಏರುಪೇರು.

ಸದ್ಯದ ಖರ್ಚು ನೆನಪಿನಿಂದ ಹೇಳುತ್ತೇನೆ. ಸನ್‌ಸ್ಕ್ರೀನಿಗೆ ತಿಂಗಳಿಗೆ ಏಳುನೂರೈವತ್ತು ಬೀಳುತ್ತದೆ, ಬ್ಯೂಟಿ ಆಫ್ ಜೋಸನ್ ಬ್ರ್ಯಾಂಡಿನ ಅಕ್ಕಿಯ ಸತ್ವದ್ದು, ಸೇಲ್ ಬಂದಾಗ ಎರಡು ಟ್ಯೂಬ್, ಮೂರನೆಯದು ಇಲ್ಲ. ಫೇಸ್‌ವಾಶ್ ನೂರೈವತ್ತು, ಪಾಲಿನ ಸಾಮಾನೆಲ್ಲ ಸೇರಿ ಮುನ್ನೂರು. ಬಾಕ್ಸ್ ಕಾಲದಲ್ಲಿ ಬಾಕ್ಸ್, ಸುಂಕ, ಅದರ ಮೇಲೆ ಬೇರೆಯಾಗಿ ಕೊಂಡ ಸನ್‌ಸ್ಕ್ರೀನ್ ಸೇರಿ ಮೂರು ಸಾವಿರ ದಾಟುತ್ತಿತ್ತು. ಮುಖದ ಮೇಲೆ ಆಗಾಗ ಬರುತ್ತಿದ್ದ ಆ ಕೆಂಪು ಗುಳ್ಳೆಗಳೂ ಹೋಗಿವೆ. ಒಂದೇ ತಿಂಗಳಲ್ಲಿ ಚರ್ಮ ಕೆರಳಿಸಬಲ್ಲ ಆಸಿಡ್ ಟೋನರ್, ವಿಟಮಿನ್ ಸಿ, ರೆಟಿನಾಲ್ ಮೂರೂ ಬಂದರೆ ಮೂರನ್ನೂ ಹಚ್ಚುವ ಕಾಲ ಅದು, ಮುಖ ಏನು ಮಾಡೀತು.

ನಮ್ಮ ಪಾಲಿಗೆ ಸೇರಿಸಿಕೊಳ್ಳಿ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಆರನೇ ಜಾಗ ಇಲ್ಲ. 100 ಎಂಎಲ್ ಅನ್ನು ಆರು ಮಾಡಿದರೆ ಹದಿನಾರು ಚಿಲ್ಲರೆ ಬರುತ್ತದೆ, ಪಂಪಿನ ತಳದಲ್ಲಿ ಒಂದೆರಡು ಉಳಿಯುತ್ತದೆ, ಆ ಚಿಲ್ಲರೆಗೇ ಜಗಳ ಶುರು. ನಿಮ್ಮ ಊರಲ್ಲೇ ಐದು ಜನ ಹುಡುಕಿಕೊಳ್ಳಿ. ಅದರಲ್ಲಿ ಒಬ್ಬರು ಒಣ ಚರ್ಮದವರು, ಒಬ್ಬರು ಎಣ್ಣೆ ಚರ್ಮದವರು ಇರಲಿ, ಮತ್ತೆ ದುಡ್ಡು ಮೊದಲೇ ಹಾಕುವವರಾಗಿರಲಿ.