ಗೊಂಬೆಯಾಟವನ್ನು ಉತ್ಸವಕ್ಕೆ ಒಪ್ಪಿಸುವುದು ಹೇಗೆ

"ತೊಗಲು ಗೊಂಬೆಯಾಟ ನಮ್ಮ ಪುರಾತನ ಕಲೆ" ಅಂತ ಶುರುವಾಗುವ ಪತ್ರಗಳು ಉತ್ಸವದವರ ಮೇಜಿನ ಮೇಲೆ ಬೇಕಾದಷ್ಟು ಇರುತ್ತವೆ. ಕೊಪ್ಪಳ ಜಿಲ್ಲೆ ಮೊರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳದವರೆಲ್ಲರಿಗೂ ಅದು ಹೆಮ್ಮೆ. ಆದರೆ ಆಯ್ಕೆ ಮಾಡುವವರಿಗೆ ಗೊತ್ತಾಗಬೇಕಾದ್ದು ನಿಮ್ಮ ಆಟ. ನಮ್ಮ ತಂಡದ ಪತ್ರ ಬರೆಯುವವಳು ನಾನು. ನನ್ನ ಮೊದಲ ಸಾಲು ಹೀಗಿರುತ್ತದೆ: "ಲಂಕಾದಹನ. ಒಂದು ಗಂಟೆ ಹತ್ತು ನಿಮಿಷ. ಏಳು ಜನ. ಪೂರ್ತಿ ಕತ್ತಲು ಬೇಕು."

ಈ ಕತ್ತಲಿನ ಮಾತನ್ನು ಗಟ್ಟಿಯಾಗಿ ಹೇಳಿ. ಪರದೆಯ ಹಿಂದಿನ ಬೆಳಕು ತೊಗಲನ್ನು ಹಾಯ್ದು ಬಂದರೇ ಬಣ್ಣ ಕಾಣುವುದು. ಮುಂದಿನಿಂದ ಒಂದು ಫ್ಲಡ್‌ಲೈಟ್ ಬಿದ್ದರೂ ಹನುಮಂತ ಮಂಕಾಗುತ್ತಾನೆ. ಆಭರಣಕ್ಕೆ ಕೊರೆದ ಸಣ್ಣ ತೂತುಗಳು ಹತ್ತಿರ ಕೂತವರಿಗಷ್ಟೇ ಕಾಣುತ್ತವೆ. ಅದಕ್ಕೇ ಹಂಪಿ ಉತ್ಸವದಂಥ ಕಡೆ ಮುಖ್ಯ ವೇದಿಕೆ ಬೇಡ, ಜಮಖಾನ ಹಾಸಿದ ಚಿಕ್ಕ ಜಾಗ ಕೊಡಿ ಅಂತ ನಾವೇ ಕೇಳಬೇಕು. ಸಣ್ಣ ವೇದಿಕೆ ಅಂದರೆ ಅವಮಾನ ಅಂದುಕೊಳ್ಳುವ ಹಿರಿಯರಿದ್ದಾರೆ. ಅವರನ್ನು ಮೊದಲು ಒಪ್ಪಿಸಿ.

ರಾತ್ರಿಯಿಡೀ ಆಡುವ ಕಥೆಯನ್ನು ಓಡಿಸಿ ಮುಗಿಸಬೇಡಿ. ಒಂದೇ ಪ್ರಸಂಗ ಹಿಡಿಯಿರಿ. ಸಮಯ ಕಮ್ಮಿ ಅಂತ, ನಡುನಡುವೆ ಬಂದು ನಗಿಸುವ ಗೊಂಬೆ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕನ ಮಾತುಗಳನ್ನು ತೆಗೆಯುವವರು ಜಾಸ್ತಿ. ದಯವಿಟ್ಟು ತೆಗೆಯಬೇಡಿ, ಜನ ಆಟದೊಳಗೆ ಬರುವುದೇ ಅಲ್ಲಿ. ಕೇರಳದ ತ್ರಿಶ್ಶೂರಿನ ಅಂತರರಾಷ್ಟ್ರೀಯ ನಾಟಕೋತ್ಸವದಂಥ ಕಡೆಗೆ ಕಳಿಸುವಾಗ ಆ ಮಾತುಗಳ ಅರ್ಥವನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಜೊತೆಗಿಡಿ.

ವಿಡಿಯೋ ಶುರುವಿನಿಂದ ಕೊನೆವರೆಗೆ ಒಂದೇ ಸಲ ತೆಗೆದದ್ದಾಗಿರಲಿ. ಕತ್ತಲಲ್ಲಿ ಮೊಬೈಲ್ ತಾನೇ ಬೆಳಕು ಹೆಚ್ಚಿಸಿಕೊಂಡು ಪರದೆಯನ್ನು ಬೆಳ್ಳಗೆ ಮಾಡಿಬಿಡುತ್ತದೆ. ಗೊಂಬೆಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಪರದೆಯ ಹಿಂದೆ ಹಾಡುತ್ತಾ ಆಡಿಸುವ ಕೈಗಳದ್ದು ಎರಡು ನಿಮಿಷದ ತುಣುಕು ಬೇರೆ ಇರಲಿ.

ಹಂಪಿ ಈಗ ವಿಜಯನಗರ ಜಿಲ್ಲೆ, ಹಂಪಿ ಉತ್ಸವದ ಅರ್ಜಿ ಜಿಲ್ಲಾಕೇಂದ್ರ ಹೊಸಪೇಟೆಗೆ ಹೋಗಬೇಕು. ಮೈಸೂರು ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಒಂದು ವಿಷಯ ಇಟ್ಟುಕೊಂಡಿರುತ್ತಾರೆ. ನಿಮ್ಮ ಪ್ರಸಂಗ ಅದಕ್ಕೆ ಹೊಂದಿದರೆ ಎರಡು ಸಾಲು ಬರೆಯಿರಿ, ಇಲ್ಲದಿದ್ದರೆ ಸುಮ್ನೆ ಎಳೆದು ತರಬೇಡಿ. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಹೇಳಿದ ಹೊತ್ತಿಗೇ ಆಟ ಶುರು, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಪರದೆ ಕಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಸರಿಯಾಗಿ ತಿಳಿಸಿ.

"ನೀವು ಕೊಟ್ಟಷ್ಟು" ಅಂತ ಮಾತ್ರ ಬರೆಯಲೇಬೇಡಿ. ಸಂಭಾವನೆ, ಪ್ರಯಾಣ, ಊಟ-ವಸತಿ ಬೇರೆ ಬೇರೆ ತೋರಿಸಿ. ಗೊಂಬೆ ಆಡಿಸುವವರು ಹೊಲದ ಕೂಲಿ ಬಿಟ್ಟು ಬರುತ್ತಾರೆ, ಆ ದಿನಗಳ ಕೂಲಿಯೂ ಸಂಭಾವನೆಯಲ್ಲಿ ಸೇರಿರಲಿ. ಬಸ್ಸಿನ ಹಣ ಮುಂಗಡ ಕೇಳಿ.

ಪತ್ರ ಕಳಿಸಿ ಎರಡು ವಾರವಾದ ಮೇಲೆ ಒಂದು ಫೋನ್ ಮಾಡಿ. ಈ ಸಲ ಆಗಲ್ಲ ಅಂದರೆ, "ಮುಂದಿನ ವರ್ಷ ಅರ್ಜಿ ಯಾವಾಗ ಕರೀತೀರಿ ಸರ್?" ಅಂತ ಕೇಳಿ, ತಿಂಗಳು ಬರೆದಿಟ್ಟುಕೊಳ್ಳಿ.